ನುಡಿಸದ ಪಿಟೀಲಿನ ವಯಸ್ಸು

ಆಕ್ಸ್‌ಫರ್ಡ್‌ನ ಆಶ್ಮೋಲಿಯನ್ ಮ್ಯೂಸಿಯಮ್ಮಿನ ಗಾಜಿನ ಪೆಟ್ಟಿಗೆಯಲ್ಲಿ ಒಂದು ಪಿಟೀಲಿದೆ. ಒಳಗಿನ ಚೀಟಿಯಲ್ಲಿ ಇಟಲಿಯ ಹೆಸರಾಂತ ಪಿಟೀಲು ತಯಾರಕ ಅಂತೋನಿಯೊ ಸ್ಟ್ರಾಡಿವಾರಿಯ ಹೆಸರು, 1716ನೇ ಇಸವಿ. ಇಷ್ಟು ಹಳೆಯ ವಾದ್ಯವೆಂದರೆ ಗಲ್ಲ ಊರುವ ಕಡೆ, ಎಡಗೈ ತಾಗುವ ಕಡೆ ವಾರ್ನಿಷ್ ಸವೆದು ಮರ ಕಾಣಬೇಕು. ಇದರಲ್ಲಿ ಬಣ್ಣ ಇನ್ನೂ ತುಂಬಿಕೊಂಡಿದೆ, ಅಂಚುಗಳು ಈಗಷ್ಟೇ ಕೆತ್ತಿದಂತೆ ಚೂಪಾಗಿವೆ.

ಇದನ್ನು ಯಾರೂ ಹೆಚ್ಚು ನುಡಿಸಲಿಲ್ಲ, ಅಷ್ಟೇ. 1737ರಲ್ಲಿ ಸ್ಟ್ರಾಡಿವಾರಿ ತೀರಿಕೊಂಡಾಗಲೂ ಇದು ಅವನ ಊರಾದ ಕ್ರೆಮೋನಾದಲ್ಲಿ ಅವನ ಬಳಿಯೇ ಉಳಿದಿತ್ತು. 1775ರಲ್ಲಿ ಮಗ ಪಾವ್ಲೊ ಅದನ್ನು ವಾದ್ಯಗಳ ಸಂಗ್ರಾಹಕ ಕೌಂಟ್ ಕೋಜಿಯೊಗೆ ಮಾರಿದ. 1827ರಲ್ಲಿ ಕೊಂಡ ವಾದ್ಯ ವ್ಯಾಪಾರಿ ಲುಯಿಜಿ ತಾರಿಸಿಯೊ ಪ್ಯಾರಿಸ್ಸಿಗೆ ಹೋದಾಗಲೆಲ್ಲ ಇದನ್ನು ಹೊಗಳುತ್ತಿದ್ದ, ತರುತ್ತಿರಲಿಲ್ಲ. ಕಾದು ಸಾಕಾದ ವಾದಕ ಅಲಾರ್, ಇದೂ ಯಹೂದ್ಯರು ಕಾಯುತ್ತಲೇ ಇರುವ, ಬಾರದ ರಕ್ಷಕ ಮೆಸ್ಸೀಯನ ಹಾಗೇ ಆಯಿತು ಎಂದನಂತೆ. 'ಮೆಸ್ಸೀಯ' ಎಂಬ ಹೆಸರು ಅಂಟಿಕೊಂಡಿತು. ತಾರಿಸಿಯೊ ಸತ್ತ ಮರುವರ್ಷ, 1855ರಲ್ಲಿ, ಅಲಾರನ ಮಾವ, ಪ್ಯಾರಿಸ್ಸಿನ ಪಿಟೀಲು ತಯಾರಕ ವೀಯೋಮ್ ಇದನ್ನು ಕೊಂಡ.

ಅನುಮಾನ ಹುಟ್ಟಿದ್ದು ಇಲ್ಲೇ. ವೀಯೋಮ್ ಹಳೆಯ ಪಿಟೀಲುಗಳ ಪಡಿಯಚ್ಚು ತೆಗೆಯುವುದರಲ್ಲಿ ನಿಸ್ಸೀಮ. ಇದೂ ಅವನ ಕೈಕೆಲಸವೇ ಆಗಿದ್ದರೆ? 1990ರ ದಶಕದ ಕೊನೆಗೆ ಈ ಜಗಳ ಜೋರಾಯಿತು.

ಉತ್ತರ ಮರದಲ್ಲೇ ಇತ್ತು. ಪಿಟೀಲಿನ ಮುಂಭಾಗದ ಹಲಗೆ ಸ್ಪ್ರೂಸ್ ಮರದ್ದು. ಅದರ ಮೇಲೆ ಉದ್ದಕ್ಕೂ ಹರಿದ ಸಣ್ಣ ಗೆರೆಗಳು ಕಾಣುತ್ತವಲ್ಲ, ಅವು ಮರದ ವರ್ಷದ ಉಂಗುರಗಳು. ಚಳಿ ಹೆಚ್ಚಾದ ವರ್ಷ ಉಂಗುರ ಕಿರಿದು, ಹದವಾದ ವರ್ಷ ಅಗಲ. ಒಂದೇ ಸೀಮೆಯ ಮರಗಳೆಲ್ಲ ಈ ಏರಿಳಿತವನ್ನು ಹೆಚ್ಚುಕಡಿಮೆ ಒಂದೇ ರೀತಿ ಬರೆದಿಟ್ಟುಕೊಳ್ಳುತ್ತವೆ. ಹಲಗೆಯ ಉಂಗುರಗಳನ್ನು ಅಳೆದು, ಆಲ್ಪ್ಸ್ ಮರಗಳ ಹಾಗೂ ಅದೇ ಕಾಲದ ಬೇರೆ ವಾದ್ಯಗಳ ಸಾಲಿನ ಜೊತೆ ಸರಿಸಿ ನೋಡಿದರೆ ಇಸವಿ ಸಿಗುತ್ತದೆ. ಮೆಸ್ಸೀಯದ ಕೊನೆಯ ಉಂಗುರ 1687ರದು.

ಇದರ ಅರ್ಥವನ್ನು ಎಚ್ಚರದಿಂದ ಓದಬೇಕು. ಮರ 1687ಕ್ಕಿಂತ ಮೊದಲು ಉರುಳಿಲ್ಲ ಎಂದಷ್ಟೇ ಉಂಗುರ ಹೇಳುತ್ತದೆ. ಉಳಿ ಹಿಡಿದ ಕೈ ಯಾರದು ಎಂದು ಹೇಳುವುದಿಲ್ಲ. ಹಳೆಯ ಹಲಗೆ ಸಿಕ್ಕರೆ ವೀಯೋಮನೂ ಕೆತ್ತಬಹುದಿತ್ತು. ಆದರೆ ಸ್ಟ್ರಾಡಿವಾರಿಯದೇ ಆದ ಬೇರೆ ವಾದ್ಯಗಳ ಉಂಗುರಗಳಿಗೂ ಇದು ಚೆನ್ನಾಗಿ ಹೊಂದುತ್ತದೆ. ನನ್ನ ಮಟ್ಟಿಗೆ ತಕ್ಕಡಿ ಕ್ರೆಮೋನಾದ ಕಡೆಗೇ ವಾಲುತ್ತದೆ.

ಪಿಟೀಲು ತಯಾರಿಸಿ ಮಾರುತ್ತಿದ್ದ ಲಂಡನ್ನಿನ ಹಿಲ್ ಮನೆತನ ಇದನ್ನು ಮ್ಯೂಸಿಯಮ್ಮಿಗೆ ಕೊಟ್ಟದ್ದು ಮುಂದಿನ ಕುಶಲಕರ್ಮಿಗಳು ನೋಡಿ ಕಲಿಯಲಿ ಎಂದು. ಅದಕ್ಕೇ ಕಮಾನು ಇದನ್ನು ಮುಟ್ಟುವುದಿಲ್ಲ. ನಾದಕ್ಕೆಂದೇ ಹುಟ್ಟಿದ ಮರ ಹೀಗೆ ಮೌನವಾಗಿರುವುದು ನನಗೆ ಸಂಕಟವೇ. ಆದರೂ ಸವೆಯದೆ ಉಳಿದ ಆ ಅಂಚಿನಲ್ಲಿ ಉಳಿ ಎಲ್ಲಿ ತಿರುಗಿತೆಂದು ಇಂದಿಗೂ ಕಾಣುತ್ತದೆ.