ಮೂರನೇ ಕಾಲಿನ ಬೀಗ: ಫ್ಲ್ಯಾಶ್ ಚಿಪ್‌ಗೆ ರೈಟ್ ಪ್ರೊಟೆಕ್ಟ್ ಬಂದದ್ದು ಹೇಗೆ

ಬೆಳಗಾವಿಯ ಖಡೇಬಜಾರ್ ಸುತ್ತಮುತ್ತ ಲ್ಯಾಪ್‌ಟಾಪ್ ರಿಪೇರಿ ಮಾಡುವವರಿಗೆ ಈ ತಲೆನೋವು ಗೊತ್ತು. ಬಯಾಸ್ ಚಿಪ್‌ಗೆ, ಅಂದರೆ ಕಂಪ್ಯೂಟರ್ ಆನ್ ಆದಾಗ ಮೊದಲು ಓಡುವ ಪ್ರೋಗ್ರಾಂ ಇರುವ ಫ್ಲ್ಯಾಶ್ ಚಿಪ್‌ಗೆ, ಕ್ಲಿಪ್ ಹಾಕಿ ಹೊಸ ಫೈಲ್ ಬರೆಯುತ್ತಾರೆ, ಎಲ್ಲ ಸರಿ ಹೋದ ಹಾಗೇ ಕಾಣುತ್ತದೆ, ವೆರಿಫೈ ಒತ್ತಿದರೆ ಮಾತ್ರ ಹಳೇ ಡೇಟಾನೇ ಕೂತಿರುತ್ತದೆ. "ಚಿಪ್ ಹೋಗೇತಿ ಬಿಡ್ರಿ ಅಣ್ಣಾ" ಅಂದರೆ ತಕ್ಷಣ ನಂಬಬೇಡಿ. ಎಷ್ಟೋ ಸಲ ಚಿಪ್ ಗಟ್ಟಿಮುಟ್ಟಾಗೇ ಇರುತ್ತದೆ, ಬರೆಯದಂತೆ ತಡೆಯುವ ಬೀಗ (ರೈಟ್ ಪ್ರೊಟೆಕ್ಟ್) ಬಿದ್ದಿರುತ್ತದೆ ಅಷ್ಟೇ. ಬೀಗ ಬಿದ್ದ ಜಾಗಕ್ಕೆ ಬರೆ ಅಂದರೆ ಇಂಥ ಚಿಪ್‌ಗಳಲ್ಲಿ ಬಹಳಷ್ಟು ಎರರ್ ಕೂಡ ಕೊಡುವುದಿಲ್ಲ. ಕೇಳಿಸದವರಂತೆ ಸುಮ್ನಿದ್ದುಬಿಡುತ್ತವೆ.

ಮೊದಲು ಈ ಬೀಗದ ಅಗತ್ಯವೇ ಇರಲಿಲ್ಲ. 1971ರಲ್ಲಿ ಇಂಟೆಲ್‌ನ ಡೊವ್ ಫ್ರೊಹ್ಮನ್ ತಂದ ಇಪ್ರಾಮ್ ಎಂಬ ಮೆಮೊರಿ ಚಿಪ್ ಅಳಿಸಬೇಕಾದರೆ ಅದರ ಗಾಜಿನ ಕಿಟಕಿಗೆ ನೇರಳಾತೀತ ಬೆಳಕು ಬಿಡಬೇಕಿತ್ತು. ಕಿಟಕಿಯ ಮೇಲೊಂದು ಸ್ಟಿಕ್ಕರ್ ಅಂಟಿಸಿದರೆ ಮುಗೀತು. ಆಮೇಲೆ ತೊಷಿಬಾದ ಫುಜಿಯೊ ಮಸುವೊಕಾ 1984ರಲ್ಲಿ ಫ್ಲ್ಯಾಶ್ ಮೆಮೊರಿಯನ್ನು ಜಗತ್ತಿನ ಮುಂದಿಟ್ಟರು. ಕರೆಂಟಿನಿಂದಲೇ ಅಳಿಸಬಹುದು, ಬೋರ್ಡಿನಿಂದ ಕೀಳುವ ಗೋಜಿಲ್ಲ. ಆಗಲೂ ಒಂದು ತಡೆ ತಾನಾಗೇ ಇತ್ತು. ಆರಂಭದ ಚಿಪ್‌ಗಳಿಗೆ ಬರೆಯಲು ಪ್ರತ್ಯೇಕ 12 ವೋಲ್ಟ್ ಬೇಕು, ಮದರ್‌ಬೋರ್ಡಿನ ಜಂಪರ್ (ಎರಡು ಪಿನ್ ಜೋಡಿಸುವ ಚಿಕ್ಕ ತುಂಡು) ಬದಲಿಸಿ ಅದನ್ನು ತಪ್ಪಿಸಿದರೆ ಯಾವ ಸಾಫ್ಟ್‌ವೇರ್ ಆಟವೂ ನಡೆಯುತ್ತಿರಲಿಲ್ಲ. 5 ವೋಲ್ಟಿನಲ್ಲೇ ಬರೆಯುವ ಚಿಪ್ ಬಂದಾಗ ಎಲ್ಲರಿಗೂ ಖುಷಿ, ಕೇಸ್ ಬಿಚ್ಚದೆ ಬಯಾಸ್ ಅಪ್‌ಡೇಟ್ ಆಗುತ್ತದಲ್ವಾ!

ಆ ಖುಷಿಗೆ ಬೆಲೆ ತೆತ್ತದ್ದು 1999ರ ಏಪ್ರಿಲ್ 26ರಂದು. ತೈವಾನಿನ ವಿದ್ಯಾರ್ಥಿ ಚೆನ್ ಇಂಗ್-ಹಾವ್ ಬರೆದ ಸಿಐಎಚ್ ವೈರಸ್ ಅವತ್ತು ವಿಂಡೋಸ್ 95, 98 ಕಂಪ್ಯೂಟರ್‌ಗಳ ಹಾರ್ಡ್‌ಡಿಸ್ಕ್ ಹಾಳು ಮಾಡಿದ್ದಲ್ಲದೆ, ಕೆಲವು ಬೋರ್ಡುಗಳ ಬಯಾಸ್ ಮೇಲೂ ಕಸ ಬರೆಯಿತು. ಅಂಥ ಮಷಿನ್ ಆನ್ ಕೂಡ ಆಗುತ್ತಿರಲಿಲ್ಲ. ಜಂಪರನ್ನು ತಡೆಯುವ ಕಡೆ ಇಟ್ಟವರ ಬಯಾಸ್ ಉಳಿಯಿತು.

ಈಗ ಬೋರ್ಡಿನಲ್ಲಿ ಕಾಣುವ ಎಂಟು ಕಾಲಿನ ಎಸ್‌ಪಿಐ ಚಿಪ್‌ಗೆ (ಕೆಲವೇ ತಂತಿಗಳಲ್ಲಿ ಡೇಟಾ ಸಾಗಿಸುವ ಫ್ಲ್ಯಾಶ್ ಚಿಪ್) ಬನ್ನಿ. ಮೂಲೆಯ ಚುಕ್ಕೆಯಿಂದ ಎಣಿಸಿದರೆ ಮೂರನೇ ಕಾಲು ರೈಟ್ ಪ್ರೊಟೆಕ್ಟ್. ಜನ ತಪ್ಪು ತಿಳಿಯುವುದು ಇಲ್ಲೇ: ಆ ಕಾಲನ್ನು ಗ್ರೌಂಡಿಗೆ ಸೇರಿಸಿದರೆ ಇಡೀ ಚಿಪ್ ಲಾಕ್ ಆಗುತ್ತದೆ ಅಂದುಕೊಳ್ಳುತ್ತಾರೆ. ಹಾಗಲ್ಲ. ಯಾವ ಜಾಗ ಲಾಕ್ ಅನ್ನುವುದನ್ನು ಹೇಳುವುದು ಒಳಗಿನ ಸ್ಟೇಟಸ್ ರಿಜಿಸ್ಟರ್ ಎಂಬ ಸೆಟ್ಟಿಂಗ್ ಜಾಗದ ಬಿಪಿ (ಬ್ಲಾಕ್ ಪ್ರೊಟೆಕ್ಟ್) ಬಿಟ್‌ಗಳು, ಅವು ಕರೆಂಟ್ ಹೋದರೂ ಹಾಗೇ ಉಳಿಯುತ್ತವೆ. ಆದರೆ ಬಿಟ್‌ಗಳನ್ನು ಸಾಫ್ಟ್‌ವೇರೇ ಹಾಕುತ್ತದೆ, ಸಾಫ್ಟ್‌ವೇರೇ ತೆಗೆಯಲೂ ಬಹುದು. ಅದನ್ನು ತಡೆಯಲು ಎಸ್‌ಆರ್‌ಪಿ (ಸ್ಟೇಟಸ್ ರಿಜಿಸ್ಟರ್ ಪ್ರೊಟೆಕ್ಟ್) ಅನ್ನೋ ಇನ್ನೊಂದು ಬಿಟ್ ಇದೆ. ಅದು 1 ಆಗಿದ್ದು ಮೂರನೇ ಕಾಲೂ ಗ್ರೌಂಡಿನಲ್ಲಿದ್ದರೆ ಮಾತ್ರ ರಿಜಿಸ್ಟರೇ ಜಾಮ್. ಎರಡರಲ್ಲಿ ಒಂದು ತಪ್ಪಿದರೂ ಬೀಗ ನೆಪಕ್ಕೆ. ಹಳೇ ಕ್ರೋಮ್‌ಬುಕ್‌ಗಳಲ್ಲಿ ಈ ಕಾಲನ್ನು ಗ್ರೌಂಡಿಗೆ ಸೇರಿಸುತ್ತಿದ್ದದ್ದು ಬೋರ್ಡಿನ ಒಂದು ಸ್ಕ್ರೂ, ಬಿಚ್ಚಿದವನೇ ಯಜಮಾನ. ನನಗಂತೂ ಬಹಳ ಹಿಡಿಸಿದ ಉಪಾಯ ಅದು.

ಉಳಿದ ಪಿಸಿಗಳು ಜಾಸ್ತಿ ನೆಚ್ಚಿಕೊಂಡದ್ದು ಚಿಪ್‌ಸೆಟ್‌ನೊಳಗಿನ (ಮದರ್‌ಬೋರ್ಡಿನ ನಿಯಂತ್ರಕ ಚಿಪ್) ಲಾಕ್ ಅನ್ನು. ಯಾರಾದರೂ ಬರೆಯುವ ಅನುಮತಿ ಆನ್ ಮಾಡಿದರೆ ಫರ್ಮ್‌ವೇರ್, ಅಂದರೆ ಬಯಾಸೇ, ಎಚ್ಚೆತ್ತು ಆಫ್ ಮಾಡಬೇಕು. ಆನ್ ಆಗಿ ಆಫ್ ಆಗುವ ಆ ಚಿಕ್ಕ ಸಂದಿಯಲ್ಲೇ ಪ್ರೊಸೆಸರಿನ ಇನ್ನೊಂದು ಕೋರ್ ಬರೆದುಬಿಡಬಹುದು! ಅದನ್ನು ಮುಚ್ಚಲು ಇಂಟೆಲ್ ಕೊಟ್ಟಿದ್ದ ಹೆಚ್ಚುವರಿ ಬಿಟ್ಟನ್ನು ಎಷ್ಟೋ ತಯಾರಕರು ಆನ್ ಮಾಡಿರಲೇ ಇಲ್ಲ. 2018ರಲ್ಲಿ ಇಸೆಟ್ ಎಂಬ ಸೈಬರ್ ಭದ್ರತಾ ಕಂಪನಿ ಪತ್ತೆ ಹಚ್ಚಿದ ಲೋಜ್ಯಾಕ್ಸ್ ಅನ್ನೋ ದುಷ್ಟ ಸಾಫ್ಟ್‌ವೇರ್ ಇಂಥ ಕಂಪ್ಯೂಟರ್‌ಗಳ ಬಯಾಸ್ ಚಿಪ್‌ನೊಳಗೇ ಸೇರಿಕೊಂಡಿತು. ಹಾರ್ಡ್‌ಡಿಸ್ಕ್ ಬದಲಿಸಿದರೂ ಹೋಗದು.

ಇನ್ನೊಂದು ಕಿರಿಕಿರಿ ವೇಗದಿಂದ ಬಂತು. ನಾಲ್ಕು ತಂತಿಯಲ್ಲಿ ಒಟ್ಟಿಗೆ ಡೇಟಾ ಓದುವ ಕ್ವಾಡ್ ಮೋಡ್ ಆನ್ ಮಾಡಿದರೆ ಅದೇ ಮೂರನೇ ಕಾಲು ಡೇಟಾ ಲೈನ್ ಆಗಿಬಿಡುತ್ತದೆ, ಬೀಗದ ಕೆಲಸ ಬಿಡುತ್ತದೆ. ಹಾಗಾಗಿ ಕ್ಲಿಪ್ ಹಾಕಿದ ತಕ್ಷಣ ಇರೇಸ್ ಒತ್ತಬೇಡಿ. ಮೊದಲು ಹಳೇ ಫೈಲ್ ಬ್ಯಾಕಪ್ ತಗೊಳ್ಳಿ, ಆಮೇಲೆ ಸ್ಟೇಟಸ್ ರಿಜಿಸ್ಟರ್ ಓದಿ, ಬಿಪಿ, ಎಸ್‌ಆರ್‌ಪಿ, ಕ್ವಾಡ್ ಮೂರೂ ಬಿಟ್ ನೋಡಿ.