ತೈಲ ಬೆಲೆ ಬಿದ್ದರೆ ಸೌದಿಯ ಐಟಿ ಕೆಲಸವೂ ಬೀಳುತ್ತದೆಯೇ?

ಓದುಗರ ಪ್ರಶ್ನೆ: ಮಗನಿಗೆ ರಿಯಾದ್‌ನ ಸಾಫ್ಟ್‌ವೇರ್ ಕಂಪನಿಯೊಂದರಿಂದ ಆಫರ್ ಬಂದಿದೆ. ಆದರೆ ತೈಲದ ಬೆಲೆ ಬಿದ್ದರೆ ಅಲ್ಲಿ ಮೊದಲು ನಿಲ್ಲುವುದೇ ಐಟಿ ಎಂದು ಬಂಧುಗಳೆಲ್ಲ ಹೇಳುತ್ತಿದ್ದಾರೆ. ಕಳಿಸಬಹುದೇ?

ಉತ್ತರ: ಈ ಪ್ರಶ್ನೆಯಲ್ಲಿ ಮಗನ ಜಾಗಕ್ಕೆ ಕೆಲವೊಮ್ಮೆ ಅಳಿಯ ಬರುತ್ತಾನೆ, ರಿಯಾದ್‌ನ ಜಾಗಕ್ಕೆ ದಮ್ಮಾಮ್ ಅಥವಾ ಜೆಡ್ಡಾ ಬರುತ್ತದೆ. ತೈಲದ ಮಾತು ಮಾತ್ರ ಒಮ್ಮೆಯೂ ಬದಲಾಗಿಲ್ಲ. ಕಳಿಸುವುದು ಬಿಡುವುದು ಮನೆಯವರ ತೀರ್ಮಾನ. ಬೇಡವೆನ್ನಲು ಬೇರೆ ನೂರು ಕಾರಣಗಳಿರಬಹುದು, ಆದರೆ ತೈಲದ ಬೆಲೆಯನ್ನು ದಯವಿಟ್ಟು ಆ ಪಟ್ಟಿಯ ಮೊದಲ ಸಾಲಿನಲ್ಲಿ ಇಡಬೇಡಿ. ಹಿಂದೆ ಹಲವು ಸಲ ಚುಟುಕಾಗಿ ಬರೆದು ಪ್ರಯೋಜನವಾಗದ ಕಾರಣ ಈ ಬಾರಿ ವಿಸ್ತಾರವಾಗಿಯೇ ಬರೆಯುತ್ತೇನೆ.

ಈ ನಂಬಿಕೆ ಗಾಳಿಯಲ್ಲಿ ಹುಟ್ಟಿದ್ದಲ್ಲ ಎಂಬುದನ್ನು ಮೊದಲೇ ಒಪ್ಪಿಕೊಳ್ಳಬೇಕು. 2014ರ ಮಧ್ಯದಲ್ಲಿ ಬ್ಯಾರೆಲ್‌ಗೆ 110 ಡಾಲರ್ ದಾಟಿದ್ದ ತೈಲ 2016ರ ಜನವರಿಯಲ್ಲಿ 30 ಡಾಲರ್‌ಗಿಂತ ಕೆಳಗೆ ಇಳಿಯಿತು. ಸರ್ಕಾರ ಗುತ್ತಿಗೆದಾರರಿಗೆ ಕೊಡಬೇಕಾದ ಹಣವನ್ನು ತಡೆಹಿಡಿಯಿತು. ಆ ವರ್ಷದ ಬೇಸಿಗೆಯಲ್ಲಿ ಸಾವಿರಾರು ಭಾರತೀಯ ಕಟ್ಟಡ ಕಾರ್ಮಿಕರು ತಿಂಗಳುಗಟ್ಟಲೆ ಸಂಬಳವಿಲ್ಲದೆ ಶಿಬಿರಗಳಲ್ಲಿ ಸಿಲುಕಿದರು, ಆಗ ವಿದೇಶಾಂಗ ಖಾತೆಯ ರಾಜ್ಯ ಸಚಿವರಾಗಿದ್ದ ವಿ.ಕೆ. ಸಿಂಗ್ ಅಲ್ಲಿಗೆ ಧಾವಿಸಬೇಕಾಯಿತು. ಮಂಗಳೂರು, ಉಡುಪಿ, ಭಟ್ಕಳದ ಕಡೆ ಗಲ್ಫ್‌ನಲ್ಲಿ ಯಾರಾದರೂ ಇರುವ ಮನೆಗಳು ಈ ಸುದ್ದಿಯನ್ನು ಸುಲಭವಾಗಿ ಮರೆಯುವುದಿಲ್ಲ. ಆದರೆ ಅಲ್ಲಿ ನಿಂತದ್ದು ಕಟ್ಟಡದ ಕೆಲಸ. ಅದು ಸರ್ಕಾರದ ಕೈಯಲ್ಲಿ ಹಣ ಇದ್ದಾಗ ಏಳುತ್ತದೆ, ಇಲ್ಲದಾಗ ಅರ್ಧದಲ್ಲಿ ನಿಲ್ಲುತ್ತದೆ. ಆ ಅನುಭವವನ್ನು ಎತ್ತಿ ಐಟಿಯ ಮೇಲೆ ಹಾಗೆಯೇ ಇಟ್ಟದ್ದರಿಂದ ಈ ಎಡವಟ್ಟು ಹುಟ್ಟಿದೆ.

ಅದೇ 2016ರಲ್ಲಿ ಇನ್ನೇನಾಯಿತು ಎಂಬುದನ್ನು ಯಾರೂ ಕೇಳುವುದಿಲ್ಲ. ಏಪ್ರಿಲ್‌ನಲ್ಲಿ, ತೈಲದ ಅವಲಂಬನೆಯನ್ನು ತಗ್ಗಿಸುವ ‘ವಿಷನ್ 2030’ ಪ್ರಕಟವಾಯಿತು. ಅಕ್ಟೋಬರ್‌ನಿಂದ ಸರ್ಕಾರಿ ನೌಕರರ ಸಂಬಳದ ಲೆಕ್ಕವನ್ನು ಚಂದ್ರನನ್ನು ಆಧರಿಸಿದ ಇಸ್ಲಾಮಿ ಪಂಚಾಂಗದ ಹಿಜರಿ ತಿಂಗಳುಗಳಿಂದ ಇಂಗ್ಲಿಷ್ ತಿಂಗಳುಗಳಿಗೆ ಬದಲಿಸಲಾಯಿತು. ಹಿಜರಿ ವರ್ಷ ಸುಮಾರು 11 ದಿನ ಚಿಕ್ಕದಾದ್ದರಿಂದ, ಮಾಸಿಕ ಸಂಬಳದ ಅಂಕಿಯನ್ನು ಮುಟ್ಟದೆಯೇ ವರ್ಷಕ್ಕೆ ಅಷ್ಟು ದಿನಗಳ ಸಂಬಳ ಬೊಕ್ಕಸದಲ್ಲಿ ಉಳಿಯಿತು. ನೌಕರರಿಗೆ ಇದು ನಷ್ಟ. ವೇತನ ಪಟ್ಟಿಯ ತಂತ್ರಾಂಶವನ್ನು ತಿದ್ದುವವರಿಗೆ ಮಾತ್ರ ಇದು ಹೊಸ ಕೆಲಸ.

ಇಷ್ಟಕ್ಕೇ ಮುಗಿಯಲಿಲ್ಲ. ಆದಾಯ ತೆರಿಗೆಯ ಗೊಡವೆಯಿಲ್ಲದೆ ಸಂಬಳ ಕೈಗೆ ಸಿಗುವ ನಾಡೆಂದು ಹೆಸರಾಗಿದ್ದ ಸೌದಿ, 2018ರ ಜನವರಿ 1ರಂದು ಶೇಕಡ 5ರ ವ್ಯಾಟ್ ತಂದಿತು. 2020ರ ಏಪ್ರಿಲ್‌ನಲ್ಲಿ ಕೋವಿಡ್‌ನಿಂದಾಗಿ ತೈಲದ ಬೆಲೆ ಮತ್ತೆ ಕುಸಿಯಿತು. ಜುಲೈ 1ರಿಂದ ಆ ವ್ಯಾಟ್ ಒಂದೇ ಏಟಿಗೆ ಶೇಕಡ 15 ಆಯಿತು. ತೆರಿಗೆ ಮೂರು ಪಟ್ಟಾದ ಮೇಲೆ ಅದನ್ನು ತಪ್ಪಿಸುವ ಆಸೆಯೂ ಹೆಚ್ಚುತ್ತದೆ, ಆದ್ದರಿಂದ ಪ್ರತಿ ಬಿಲ್ಲಿನ ಮೇಲೂ ಕಣ್ಣಿಡುವ ವ್ಯವಸ್ಥೆ ಬೇಕಾಯಿತು. 2021ರ ಡಿಸೆಂಬರ್ 4ರಿಂದ, ವ್ಯಾಟ್ ವ್ಯಾಪ್ತಿಯ ವ್ಯಾಪಾರಿಗಳು ಕೈಯಲ್ಲಿ ಬಿಲ್ಲು ಬರೆದುಕೊಡುವುದು ನಿಂತು, ಕಂಪ್ಯೂಟರಿನಲ್ಲೇ ಬಿಲ್ಲು ತಯಾರಾಗಬೇಕೆಂಬ ನಿಯಮ ಬಂತು. 2023ರ ಜನವರಿಯಿಂದ ಎರಡನೆಯ ಹಂತ: ಕಂಪನಿಯ ಬಿಲ್ಲಿಂಗ್ ತಂತ್ರಾಂಶವು ಜಕಾತ್, ತೆರಿಗೆ ಮತ್ತು ಸುಂಕ ಪ್ರಾಧಿಕಾರದ ‘ಫಾತೂರಾ’ ವೇದಿಕೆಗೆ ನೇರವಾಗಿ ಜೋಡಣೆಯಾಗಬೇಕು. ಒಂದು ಕಂಪನಿ ಇನ್ನೊಂದಕ್ಕೆ ಕೊಡುವ ತೆರಿಗೆ ಬಿಲ್ಲು ಮೊದಲು ಪ್ರಾಧಿಕಾರದ ಸರ್ವರ್‌ಗೆ ಹೋಗಿ, ಒಪ್ಪಿಗೆಯ ಮುದ್ರೆ ಪಡೆದ ಮೇಲೆಯೇ ಗಿರಾಕಿಯ ಕೈ ಸೇರಬೇಕು. ಅಂಗಡಿಯಲ್ಲಿ ಗ್ರಾಹಕರಿಗೆ ಕೊಡುವ ಸರಳ ಬಿಲ್ಲಿನ ವಿವರ 24 ಗಂಟೆಯೊಳಗೆ ತಲುಪಬೇಕು. ವರ್ಷಕ್ಕೆ 3 ಶತಕೋಟಿ ರಿಯಾಲ್‌ಗೂ ಹೆಚ್ಚು ವಹಿವಾಟಿರುವ ದೊಡ್ಡವರಿಂದ ಶುರುವಾದ ಈ ನಿಯಮ ಕಂತು ಕಂತಾಗಿ ಸಣ್ಣ ವ್ಯಾಪಾರಿಗಳವರೆಗೆ ಇಳಿಯಿತು. ನಮ್ಮ ಜಿಎಸ್‌ಟಿಯ ಇ-ಇನ್‌ವಾಯ್ಸ್ 2020ರಲ್ಲಿ 500 ಕೋಟಿ ವಹಿವಾಟಿನ ಕಂಪನಿಗಳಿಂದ ಶುರುವಾಗಿ 2023ರ ಹೊತ್ತಿಗೆ 5 ಕೋಟಿಗೆ ಇಳಿದದ್ದನ್ನು ಬಲ್ಲ ಬೆಂಗಳೂರಿನ ಯಾವುದೇ ಇಆರ್‌ಪಿ (ಕಂಪನಿಯ ಲೆಕ್ಕಪತ್ರ, ದಾಸ್ತಾನು, ಸಂಬಳವನ್ನೆಲ್ಲ ಒಟ್ಟಿಗೆ ನಡೆಸುವ ತಂತ್ರಾಂಶ) ಎಂಜಿನಿಯರಿಗೆ ಇದು ಅಪರಿಚಿತ ದಾರಿಯಲ್ಲ.

ಈಗ ಹೇಳಿ, ಈ ಕೆಲಸ ಹುಟ್ಟಿದ್ದು ತೈಲ ಏರಿದಾಗಲೋ, ಬಿದ್ದಾಗಲೋ? ಮನೆಗೆ ಬರುವ ಹಣ ಧಾರಾಳವಾಗಿದ್ದಾಗ ಯಾರೂ ಲೆಕ್ಕದ ಪುಸ್ತಕ ತೆರೆಯುವುದಿಲ್ಲ, ಕಡಿಮೆಯಾದಾಗಲೇ ಅದು ಅಟ್ಟದಿಂದ ಇಳಿಯುವುದು. 2014ರಲ್ಲಿ ಸೌದಿ ಸರ್ಕಾರದ ಆದಾಯದಲ್ಲಿ ತೈಲದ ಪಾಲು ಶೇಕಡ 85ಕ್ಕೂ ಮೇಲಿತ್ತು, ಹತ್ತು ವರ್ಷಗಳ ನಂತರ ಅದು ಸುಮಾರು ಶೇಕಡ 60. ನಡುವಿನ ಅಂತರವನ್ನು ತುಂಬಿದ್ದು ಬಹುಪಾಲು ತೆರಿಗೆ ಮತ್ತು ಶುಲ್ಕಗಳು, ಅವುಗಳ ಹಿಂದೆ ನಿಂತಿರುವುದು ಸಾಫ್ಟ್‌ವೇರ್. ಬಂಧುಗಳು ಹೇಳುವ ಸೂತ್ರ ಸಡಿಲವಾಗಿರುವುದಷ್ಟೇ ಅಲ್ಲ, ಈ ಭಾಗದ ಮಟ್ಟಿಗೆ ಪೂರ್ತಿ ತಲೆಕೆಳಗಾಗಿದೆ.

ತೈಲದ ಬೆಲೆಗೆ ಸಂಬಂಧವೇ ಇಲ್ಲದ ಕೆಲಸವೂ ಸಾಕಷ್ಟಿದೆ. 2012ರ ಆಗಸ್ಟ್‌ನಲ್ಲಿ, ತೈಲ 100 ಡಾಲರ್‌ಗಿಂತ ಮೇಲಿದ್ದ ದಿನಗಳಲ್ಲೇ, ‘ಶಮೂನ್’ ಎಂಬ ವೈರಸ್ ಸರ್ಕಾರಿ ತೈಲ ಕಂಪನಿ ಸೌದಿ ಅರಾಮ್ಕೊದ ಸುಮಾರು 30,000 ಕಂಪ್ಯೂಟರುಗಳಲ್ಲಿದ್ದ ಮಾಹಿತಿಯನ್ನು ಅಳಿಸಿಹಾಕಿತು. 2017ರಲ್ಲಿ ರಾಷ್ಟ್ರೀಯ ಸೈಬರ್ ಭದ್ರತಾ ಪ್ರಾಧಿಕಾರ ಸ್ಥಾಪನೆಯಾಯಿತು, ಮರುವರ್ಷ ಕಡ್ಡಾಯ ಭದ್ರತಾ ನಿಯಮಗಳು ಬಂದವು. ವೈಯಕ್ತಿಕ ದತ್ತಾಂಶ ರಕ್ಷಣೆಯ ಕಾನೂನು 2024ರ ಸೆಪ್ಟೆಂಬರ್‌ನಿಂದ ಪೂರ್ಣವಾಗಿ ಜಾರಿಯಲ್ಲಿದೆ. ಸರ್ಕಾರದ ಸೂಕ್ಷ್ಮ ಮಾಹಿತಿ ದೇಶದ ಗಡಿಯೊಳಗೇ ಇರಬೇಕೆಂಬ ಒತ್ತಡದಿಂದ ಒರಾಕಲ್ 2020ರಲ್ಲಿ ಜೆಡ್ಡಾದಲ್ಲೂ ಗೂಗಲ್ 2023ರಲ್ಲಿ ದಮ್ಮಾಮ್‌ನಲ್ಲೂ ಕ್ಲೌಡ್ ಕೇಂದ್ರಗಳನ್ನು ತೆರೆದವು. ಕಾನೂನು ಹೇಳಿದ ಕೆಲಸವನ್ನು ಬ್ಯಾಂಕೋ ಆಸ್ಪತ್ರೆಯೋ ತೈಲದ ಬೆಲೆ ನೋಡಿ ಮುಂದೂಡಲಾಗದು, ದಂಡ ಬೀಳುತ್ತದೆ.

ಹಾಗಾದರೆ ತೈಲದಿಂದ ಏನೂ ಆಗುವುದಿಲ್ಲವೇ? ಆಗುತ್ತದೆ, ಆದರೆ ಜನ ಭಯಪಡುವ ಜಾಗದಲ್ಲಿ ಅಲ್ಲ. ರಾಜಮನೆತನದ ಕನಸಿನ ಯೋಜನೆಗಳು ಮೊದಲು ಸೊರಗುತ್ತವೆ. ಮರುಭೂಮಿಯಲ್ಲಿ ಕಟ್ಟಲು ಹೊರಟ ನಿಯೋಮ್ ಯೋಜನೆಯ ‘ದಿ ಲೈನ್’ ನಗರದ ಅಳತೆ ಮೊದಲು ಘೋಷಿಸಿದ್ದಕ್ಕಿಂತ ಎಷ್ಟೋ ಕುಗ್ಗಿದೆ, ಅಂಥ ಯೋಜನೆಗಳಿಗೆ ತಂತ್ರಾಂಶ ಬರೆಯುತ್ತಿದ್ದವರೂ ಅದರ ಜೊತೆ ಕುಗ್ಗಬೇಕಾಗುತ್ತದೆ. ಇನ್ನೊಂದು ಮಾತು ಹಲವರಿಗೆ ಹಿಡಿಸಲಿಕ್ಕಿಲ್ಲ: ಇಂದು ಎಲ್ಲರೂ ಬೆರಗಿನಿಂದ ನೋಡುವ ಕೃತಕ ಬುದ್ಧಿಮತ್ತೆಯ ಹೂಡಿಕೆಯೇ ತೈಲದ ಹಣಕ್ಕೆ ಹೆಚ್ಚು ಅಂಟಿಕೊಂಡಿರುವ ಭಾಗ. 2025ರ ಮೇ ತಿಂಗಳಲ್ಲಿ ಸ್ಥಾಪನೆಯಾದ ‘ಹ್ಯೂಮೇನ್’ ಕಂಪನಿಯ ಒಡೆತನ ಸರ್ಕಾರದ ಸಾರ್ವಜನಿಕ ಹೂಡಿಕೆ ನಿಧಿಯದು. ಎನ್‌ವಿಡಿಯಾದ 18,000 ಚಿಪ್‌ಗಳು ಮೊದಲ ಕಂತಿನಲ್ಲೇ ಬರುತ್ತವೆಂಬ ಘೋಷಣೆ ದೊಡ್ಡ ಸುದ್ದಿಯಾಯಿತು, ಆದರೆ ಡೇಟಾ ಸೆಂಟರ್ ಕಟ್ಟಿ ಮುಗಿದ ಮೇಲೆ ಅದನ್ನು ನಡೆಸಲು ಬೇಕಾಗುವ ಜನ ಬಹಳ ಕಡಿಮೆ. ಬಿಲ್ಲಿಂಗ್ ತಂತ್ರಾಂಶದ ಮಂಕಾದ ಕೆಲಸಕ್ಕೆ ಮೂಗು ಮುರಿದು, ಹೊಳೆಯುವ ಹೆಸರಿನ ಹಿಂದೆ ಹೋಗುವವರು ಇದನ್ನು ಗಮನಿಸಬೇಕು.

ನೀವು ಕೇಳದಿದ್ದರೂ ಕೇಳಬೇಕಾಗಿದ್ದ ಪ್ರಶ್ನೆ ಬೇರೆಯೇ ಇದೆ. ಕೆಲಸ ಇರುತ್ತದೆ ಸರಿ, ಅದು ಯಾರಿಗೆ ಸಿಗುತ್ತದೆ? 2022ರ ಜನಗಣತಿಯ ಪ್ರಕಾರ ಸೌದಿ ಪ್ರಜೆಗಳಲ್ಲಿ ಶೇಕಡ 63ರಷ್ಟು ಜನ 30 ವರ್ಷದೊಳಗಿನವರು. ಅವರಿಗೆ ಉದ್ಯೋಗ ಕೊಡುವುದು ಸರ್ಕಾರಕ್ಕೆ ತೈಲದ ಬೆಲೆಗಿಂತ ದೊಡ್ಡ ತಲೆನೋವು. 2021ರಿಂದ, ದೂರಸಂಪರ್ಕ ಮತ್ತು ಐಟಿ ಹುದ್ದೆಗಳಲ್ಲಿ 5 ಅಥವಾ ಅದಕ್ಕಿಂತ ಹೆಚ್ಚು ಜನರಿರುವ ಖಾಸಗಿ ಸಂಸ್ಥೆಗಳು ಅವುಗಳಲ್ಲಿ ಶೇಕಡ 25ನ್ನು ಸೌದಿ ಪ್ರಜೆಗಳಿಗೆ ಕೊಡಬೇಕು. ಸರ್ಕಾರಿ ಸಂಸ್ಥೆಗಳಲ್ಲಿ ಸೈಬರ್ ಭದ್ರತೆಯ ಮುಖ್ಯಸ್ಥರ ಹುದ್ದೆಯಂತೂ ಸೌದಿಯವರಿಗೇ ಮೀಸಲು. ಹೊಸದಾಗಿ ಡಿಗ್ರಿ ಮುಗಿಸಿದ ಹುಡುಗನಿಗೆ ತಾಂತ್ರಿಕ ಸಹಾಯವಾಣಿಯ ಮಟ್ಟದ ಕೆಲಸ ಇನ್ನು ಮುಂದೆ ಅಲ್ಲಿ ಕಷ್ಟ. ಇಆರ್‌ಪಿ, ಕ್ಲೌಡ್ ವರ್ಗಾವಣೆ, ಬ್ಯಾಂಕಿಂಗ್ ತಂತ್ರಾಂಶಗಳಲ್ಲಿ ಏಳೆಂಟು ವರ್ಷ ದುಡಿದವರಿಗೆ ಬಾಗಿಲು ತೆರೆದೇ ಇರುತ್ತದೆ ಎಂಬುದು ನನ್ನ ಅಂದಾಜು.

ಇದಲ್ಲದೆ 2024ರ ಜನವರಿ 1ರಿಂದ, ತಮ್ಮ ಪ್ರಾದೇಶಿಕ ಮುಖ್ಯ ಕಚೇರಿಯನ್ನು ಸೌದಿಯಲ್ಲಿ ತೆರೆಯದ ವಿದೇಶಿ ಕಂಪನಿಗಳಿಗೆ ಸರ್ಕಾರದ ಗುತ್ತಿಗೆಗಳನ್ನು ಕೆಲವು ವಿನಾಯಿತಿಗಳನ್ನು ಬಿಟ್ಟು ಕೊಡಲಾಗುತ್ತಿಲ್ಲ. ದುಬೈನಲ್ಲಿ ಕುಳಿತು ರಿಯಾದ್‌ನ ಕೆಲಸ ಹಿಡಿಯುತ್ತಿದ್ದ ಪದ್ಧತಿಗೆ ಇದರಿಂದ ಪೆಟ್ಟು ಬಿದ್ದಿದೆ. ಗಿರಾಕಿಯ ಎದುರು ಕೂರುವವರು ರಿಯಾದ್‌ನಲ್ಲಿಯೂ ಕೋಡ್ ಬರೆಯುವವರು ಬೆಂಗಳೂರಿನಲ್ಲಿಯೂ ಇರುವ ಏರ್ಪಾಡು ಹೆಚ್ಚುತ್ತಿದ್ದು, ಮಗ ವಿಮಾನ ಹತ್ತದೆಯೂ ಈ ಮಾರುಕಟ್ಟೆಯಲ್ಲಿ ದುಡಿಯಬಹುದು. ಆಗ ಅವನ ಭಾನುವಾರ ಹೋಗುತ್ತದೆ ಎಂಬುದು ನೆನಪಿರಲಿ, ಏಕೆಂದರೆ 2013ರಿಂದ ಅಲ್ಲಿಯ ವಾರಾಂತ್ಯ ಶುಕ್ರವಾರ ಮತ್ತು ಶನಿವಾರ.

ಕೊನೆಯದಾಗಿ, ತೈಲ ನಿಜವಾಗಿ ಜೇಬಿಗೆ ಕೈ ಹಾಕುವ ಜಾಗ ಒಂದಿದೆ. ರಿಯಾಲ್ ಅಲ್ಲ: 1986ರಿಂದಲೂ ಒಂದು ಡಾಲರ್‌ಗೆ 3.75 ರಿಯಾಲ್ ಎಂದು ಕಟ್ಟಿಟ್ಟಿರುವುದರಿಂದ, ತೈಲ 30 ಡಾಲರ್‌ಗಿಂತ ಕೆಳಗಿಳಿದಾಗಲೂ ಅದು ಅಲುಗಾಡಲಿಲ್ಲ. ನಾನು ಹೇಳುತ್ತಿರುವುದು ಅವಲಂಬಿತರ ಶುಲ್ಕದ ವಿಷಯ. ಬೊಕ್ಕಸದ ಕೊರತೆ ನೀಗಿಸಲು 2017ರ ಜುಲೈಯಲ್ಲಿ, ವಿದೇಶಿ ನೌಕರರ ಜೊತೆಗಿರುವ ಕುಟುಂಬದ ಪ್ರತಿ ಸದಸ್ಯರಿಗೆ ತಿಂಗಳಿಗೆ 100 ರಿಯಾಲ್‌ನಂತೆ ಇದು ಆರಂಭವಾಯಿತು. ವರ್ಷಕ್ಕೆ ನೂರರಂತೆ ಏರಿ 2020ರಲ್ಲಿ 400 ತಲುಪಿತು. ಹೆಂಡತಿ ಮತ್ತು ಇಬ್ಬರು ಮಕ್ಕಳನ್ನು ಕರೆದುಕೊಂಡು ಹೋದವರಿಗೆ ವರ್ಷಕ್ಕೆ 14,400 ರಿಯಾಲ್ ಆಗುತ್ತದೆ, ಅದನ್ನು ಇಕಾಮಾ (ವಾಸದ ಪರವಾನಗಿ) ನವೀಕರಣದ ಹೊತ್ತಿಗೆ ಮುಂಗಡವಾಗಿ ಕಟ್ಟಬೇಕು. ಕೆಲವು ಕಂಪನಿಗಳು ಇದನ್ನು ತಾವೇ ಭರಿಸುತ್ತವೆ, ಹಲವು ಭರಿಸುವುದಿಲ್ಲ. ಆಫರ್ ಪತ್ರದಲ್ಲಿ ಈ ಶುಲ್ಕ ಯಾರ ಲೆಕ್ಕಕ್ಕೆ ಎಂಬ ಸಾಲು ಇದೆಯೇ ಎಂದು ನೋಡಿ, ಇಲ್ಲದಿದ್ದರೆ ಸಹಿ ಹಾಕುವ ಮೊದಲು ಬರೆಸಿಕೊಳ್ಳಲು ಮಗನಿಗೆ ಹೇಳಿ.