‘ಅರ್ಜಿ’ಯೊಳಗಿನ ತೊಡಕು

ಬೆಂಗಳೂರಿನ ಸೇವಾ ಕೇಂದ್ರವೊಂದರಲ್ಲಿ ನನ್ನ ಸೋದರಳಿಯ ಅರ್ಜಿಯನ್ನು ಎರಡು ಸಲ ತುಂಬಿ, ಎರಡು ಸಲವೂ ಹರಿದು ಹಾಕಿದ. ಸರದಿಯಲ್ಲಿ ಹಿಂದಿದ್ದ ಹಿರಿಯರೊಬ್ಬರು, ‘ಕಣ್ಣು ತೋರಿಸ್ಕೊಳ್ಳಪ್ಪ’ ಎಂದರು. ಅವನಿಗೆ ಡಿಸ್ಲೆಕ್ಸಿಯಾ, ಅಂದರೆ ಬುದ್ಧಿ ಚುರುಕಾಗಿದ್ದರೂ ಓದು ಬರಹದಲ್ಲಿ ಎಡವುವ ತೊಡಕು, ಇದೆ. ಕಣ್ಣಿನಲ್ಲಿ ಯಾವ ದೋಷವೂ ಇಲ್ಲ. ಹಿರಿಯರು ಅಂದದ್ದು ಅಕ್ಕರೆಯಿಂದಲೇ, ಆದರೆ ಆ ತಪ್ಪು ತಿಳಿವಳಿಕೆಗೆ ಶತಮಾನಕ್ಕೂ ಮೀರಿದ ವಯಸ್ಸಾಗಿದೆ. 1887ರಲ್ಲಿ ಡಿಸ್ಲೆಕ್ಸಿಯಾ ಎಂಬ ಹೆಸರನ್ನು ಬಳಕೆಗೆ ತಂದ ರುಡಾಲ್ಫ್ ಬರ್ಲಿನ್ ಜರ್ಮನಿಯ ನೇತ್ರವೈದ್ಯರು. 1896ರಲ್ಲಿ ಬ್ರಿಟನ್ನಿನ ವೈದ್ಯ ಪ್ರಿಂಗಲ್ ಮಾರ್ಗನ್, ಜಾಣನಾಗಿದ್ದೂ ಓದಲು ಬಾರದ 14 ವರ್ಷದ ಹುಡುಗನ ವಿಷಯ ಬರೆದಾಗ ಅದನ್ನು ‘ಪದಗುರುಡು’ ಎಂದೇ ಕರೆದರು.

ತೊಡಕು ಇರುವುದು ಹೆಚ್ಚಿನವರಲ್ಲಿ ದನಿಯನ್ನು ಬಿಡಿಸಿ ಅಕ್ಷರಕ್ಕೆ ಹೊಂದಿಸುವ ಕೆಲಸದಲ್ಲಿ. ‘ಅರ್ಜಿ’ ಎಂಬ ಪದವನ್ನೇ ನೋಡಿ. ಬಾಯಲ್ಲಿ ರಕಾರ ಮೊದಲು, ಜಕಾರ ಆಮೇಲೆ. ಹಾಳೆಯ ಮೇಲೆ ‘ಜಿ’ ಮೊದಲು, ರಕಾರವನ್ನು ಸೂಚಿಸುವ ಅರ್ಕಾವತ್ತು ಅದರ ಬಲಕ್ಕೆ. ಓದು ರೂಢಿಯಾದವರ ಮಿದುಳು ಈ ಹಿಂದುಮುಂದನ್ನು ತನಗರಿವಿಲ್ಲದೆಯೇ ಸರಿಪಡಿಸಿಕೊಳ್ಳುತ್ತದೆ. ಡಿಸ್ಲೆಕ್ಸಿಯಾ ಇರುವವರಿಗೆ ಅದು ಪ್ರತಿ ಸಲವೂ ಹೊಸದಾಗಿ ಮಾಡಬೇಕಾದ ಕೆಲಸ: ಹಾಲಿನಲ್ಲಿ ಕರಗಿದ ಸಕ್ಕರೆಯನ್ನು ಬೇರ್ಪಡಿಸಿ ಕೊಡೆಂದಂತೆ, ವೀಣೆಯ ಒಂದು ಗಮಕದೊಳಗೆ ಜಾರಿಹೋದ ಸ್ವರಗಳನ್ನು ಎಣಿಸಿ ಹೇಳೆಂದಂತೆ. ‘ದೃಢೀಕರಣ’, ‘ಅರ್ಹತೆ’, ‘ವಾಸ್ತವ್ಯ’ಗಳು ಒಂದೇ ಹಾಳೆಯಲ್ಲಿ ಸಣ್ಣಕ್ಷರದಲ್ಲಿ ಒತ್ತೊತ್ತಾಗಿ ನಿಂತರೆ ಆ ದಣಿವು ಎಷ್ಟಿರಬಹುದೆಂದು ಊಹಿಸಬಹುದು.

ಹೀಗಿರುವಾಗ ಬಣ್ಣದ ಕನ್ನಡಕಕ್ಕೂ ‘ಡಿಸ್ಲೆಕ್ಸಿಯಾ ಫಾಂಟ್’ ಎಂಬ ವಿಶೇಷ ಅಕ್ಷರವಿನ್ಯಾಸಕ್ಕೂ ಹಣ ಸುರಿಯುವುದನ್ನು ಕಂಡರೆ ನನಗೆ ಬೇಸರವಾಗುತ್ತದೆ, ಅವುಗಳಿಂದ ಖಚಿತ ಪ್ರಯೋಜನವಿದೆಯೆಂದು ಪರೀಕ್ಷೆಗಳು ತೋರಿಸಿಲ್ಲ. ಅಕ್ಷರಗಳ ನಡುವಣ ಅಂತರದ ಮಾತು ಬೇರೆ. ಡಿಸ್ಲೆಕ್ಸಿಯಾ ಇರುವ ಇಟಲಿ ಮತ್ತು ಫ್ರಾನ್ಸ್‌ನ ಮಕ್ಕಳ ಮೇಲೆ ನಡೆದು 2012ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಅಂತರ ಹೆಚ್ಚಿಸಿದ ಮಾತ್ರಕ್ಕೇ ಓದಿನ ತಪ್ಪುಗಳು ಗಣನೀಯವಾಗಿ ತಗ್ಗಿದವು. ಅದಕ್ಕಿಂತಲೂ ದೊಡ್ಡ ನೆರವು ದನಿಯದು. ನಮ್ಮ ಮೆಟ್ರೊದಲ್ಲಿ ನೇರಳೆ, ಹಸಿರು ಎಂದು ಮಾರ್ಗಗಳಿಗೆ ಬಣ್ಣದ ಹೆಸರಿದೆ, ಮುಂದಿನ ನಿಲ್ದಾಣವನ್ನು ಕೂಗಿ ಹೇಳಲಾಗುತ್ತದೆ. ಸೋದರಳಿಯ ಅಲ್ಲಿ ಯಾರನ್ನೂ ಏನನ್ನೂ ಕೇಳುವುದಿಲ್ಲ. ಬಸ್ಸಿನ ಫಲಕ ಕಣ್ಣ ಮುಂದೆ ಹಾದುಹೋಗುವಾಗ ಮಾತ್ರ ಪಕ್ಕದವರನ್ನು ಕೇಳುತ್ತಾನೆ.

2016ರ ವಿಕಲಚೇತನರ ಹಕ್ಕುಗಳ ಕಾಯ್ದೆಯ 21 ಬಗೆಯ ನ್ಯೂನತೆಗಳಲ್ಲಿ, ಡಿಸ್ಲೆಕ್ಸಿಯಾವನ್ನು ಒಳಗೊಂಡ ‘ನಿರ್ದಿಷ್ಟ ಕಲಿಕಾ ನ್ಯೂನತೆ’ಯೂ ಸೇರಿದೆ. ಆದುದರಿಂದ ಅರ್ಜಿಯನ್ನು ಓದಿ ಹೇಳಿರೆಂದು ಕೇಳುವುದನ್ನು ಯಾರೂ ದಾಕ್ಷಿಣ್ಯದ ವಿಷಯವೆಂದು ಭಾವಿಸಬಾರದು. ಅಂದು ಕೌಂಟರಿನಲ್ಲಿದ್ದ ಹೆಣ್ಣುಮಗಳು ಮೂರನೆಯ ಹಾಳೆಯನ್ನು ತನ್ನ ಕಡೆಗೆ ತಿರುಗಿಸಿಕೊಂಡು, ಒಂದೊಂದೇ ಸಾಲನ್ನು ಗಟ್ಟಿಯಾಗಿ ಓದಿದರು. ಅವನು ಬಾಯಲ್ಲಿ ಹೇಳಿದ, ಅವರು ಬರೆದುಕೊಂಡರು. ಸಹಿಯೊಂದೇ ಬಾಕಿ ಉಳಿಯಿತು.